ಕಟ್ಟಿನ ಕೊಪ್ಪರಿಗೆ

ಲೌಕಿಕ ನ್ಯಾಯಗಳಲ್ಲಿ ‘ಸ್ಥಾಲೀಪುಲಾಕನ್ಯಾಯ’ ಎಂಬುದೊಂದುಂಟು. ಸ್ಥಾಲಿಯೆಂದರೆ ಅಡಿಗೆಯ ಗಡಿಗೆ. ಪುಲಾಕವೆಂದರೆ ಅದರೊಳಗಿನ ಅಗುಳು. ಒಂದಗುಳನ್ನು ಹಿಸುಕಿ ನೋಡಿದರೆ ಗಡಿಗೆಯ ಅನ್ನವೆಲ್ಲವೂ ಬೆಂದಿದೆಯೋ ಇಲ್ಲವೋ ತಿಳಿಯುವಂತೆ, ಒಂದು ಅಂಶವನ್ನು ಪರೀಕ್ಷಿಸಿ ಸಮುದಾಯದ ಸ್ಥಿತಿಯನ್ನು ಊಹಿಸುವುದೇ ಈ ನ್ಯಾಯದ ತಾತ್ಪರ್ಯ. ಅರಸರ ಬಿರುದುಗಳನ್ನೂ ಯುದ್ಧಗಳನ್ನೂ ಕುರಿತು ವಿದ್ವಾಂಸರು ಬರೆಯುತ್ತಿರುವ ಈ ಪತ್ರಿಕೆಯಲ್ಲಿ, ಅಡಿಗೆಯ ಪಾತ್ರೆಯೊಂದನ್ನು ಹಿಡಿದುಕೊಂಡು ಇತಿಹಾಸವನ್ನು ಹೇಳಹೊರಟಿರುವ ನನಗೆ ಈ ನ್ಯಾಯವೇ ಆಧಾರ. ವಾಚಕ ಮಹಾಶಯರು ಇದನ್ನು ಒಂದು ಅಗುಳೆಂದು ಭಾವಿಸಿ ಪರೀಕ್ಷಿಸಬೇಕೆಂದು ಬೇಡುತ್ತೇನೆ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆಯು ನನ್ನ ಊರು. ೧೯೯೭ನೆಯ ಇಸವಿಯಲ್ಲಿ ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದು ಚಿತ್ರದುರ್ಗದ ಜಿಲ್ಲೆಗೆ ಸೇರಿದ್ದಿತು. ಮಳೆ ಕಡಿಮೆಯಾದ ಬಯಲು ಸೀಮೆ. ಜೋಳ, ರಾಗಿ, ಸಜ್ಜೆ, ಹುರಳಿಗಳನ್ನು ನೆಚ್ಚಿ ಬಾಳಿದ ಜನ. ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ ಒಂದು ತಾಮ್ರದ ಕೊಪ್ಪರಿಗೆಯು ಬಹು ವರ್ಷಗಳಿಂದ ಬೋರಲಾಗಿ ಬಿದ್ದಿದ್ದಿತು. ಬರಿದಾಗಿದ್ದರೂ ಎತ್ತುವುದಕ್ಕೆ ಇಬ್ಬರು ಬೇಕು. ತುಂಬಿದಾಗ ಎರಡು ಬಳೆಗಳಿಗೂ ಬೊಂಬನ್ನು ಸೇರಿಸಿ ನಾಲ್ವರು ಹೊರಬೇಕು. ಹೋದ ವರ್ಷ ಹಳೆಯ ಪಾತ್ರೆಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬನು ಬಂದು, ಅದನ್ನು ತೂಗಿ, ಬೆಲೆಯನ್ನೂ ಹೇಳಿದನು. ಮಕ್ಕಳು ಮಾರಿಬಿಡೋಣವೆಂದರು. ಮಾರುವುದಕ್ಕೆ ಮೊದಲು ಅದು ಏನೆಂಬುದನ್ನು ತಿಳಿಯಬೇಕೆಂದು ನನಗೆ ತೋರಿತು. ಈ ಲೇಖನವು ಆ ವಿಚಾರದ ಫಲ.

ಆ ಕೊಪ್ಪರಿಗೆಯು ನಮ್ಮಲ್ಲಿ ಕಟ್ಟನ್ನು ತೆಗೆಯುವುದಕ್ಕಾಗಿಯೇ ಇದ್ದ ಪಾತ್ರೆ. ಕಟ್ಟೆಂದರೆ ಬೇಳೆಯನ್ನಾಗಲಿ ಕಾಳನ್ನಾಗಲಿ ಬಹಳ ನೀರಿನಲ್ಲಿ ಬೇಯಿಸಿ ಬಸಿದ ರಸ. ಹೋಳಿಗೆಯ ದಿವಸ ಬೇಳೆಯು ಹೂರಣಕ್ಕಾದರೆ ಬಸಿದ ಕಟ್ಟು ಸಾರಿಗೆ. ಮೈಸೂರಿನ ಕಡೆಯವರ ‘ಬಸ್ಸಾರು’ ಕೂಡ ಬಸಿದ ಸಾರೇ. ‘ಸಾರು’ ಎಂಬುದು ಸಂಸ್ಕೃತದ ‘ಸಾರ’ದಿಂದ ಬಂದಿತೆಂದು ನಮ್ಮ ಪಾಠಶಾಲೆಯಲ್ಲಿ ಹೇಳುವ ವಾಡಿಕೆಯಿದ್ದಿತು, ಆದರೆ ತಮಿಳಿನಲ್ಲಿಯೂ ಹಿಂಡಿದ ರಸವೆಂಬ ಅರ್ಥದ ‘ಚಾಱು’ ಎಂಬ ಮಾತಿರುವುದರಿಂದ, ಇದು ದ್ರಾವಿಡ ಭಾಷೆಗಳ ಸ್ವಂತ ಸೊತ್ತೆಂದು ಹೇಳುವುದೇ ಯುಕ್ತ.

ಸಂಸ್ಕೃತದಲ್ಲಿ ಇದಕ್ಕೆ ‘ಯೂಷ’ವೆಂದು ಹೆಸರು. ಆಯುರ್ವೇದದ ಆಚಾರ್ಯರು ಯೂಷದಲ್ಲಿ ಎರಡು ಬಗೆಗಳನ್ನು ಹೇಳುತ್ತಾರೆ. ಉಪ್ಪು, ಜಿಡ್ಡು, ಖಾರಗಳಾವುವನ್ನೂ ಹಾಕದೆ ಬರಿದೆ ಬೇಯಿಸಿ ತೆಗೆದುದು ಅಕೃತಯೂಷ. ಅವುಗಳಿಂದ ಸಂಸ್ಕರಿಸಿದುದು ಕೃತಯೂಷ. ನಮ್ಮ ಹೆಣ್ಣುಮಕ್ಕಳು ಶಾಸ್ತ್ರವನ್ನೋದದೆಯೇ ಮೊದಲನೆಯದನ್ನು ‘ಕಟ್ಟು’ ಎಂದೂ ಎರಡನೆಯದನ್ನು ‘ಕಟ್ಟಿನ ಸಾರು’ ಎಂದೂ ಕರೆಯುತ್ತ ಬಂದಿದ್ದಾರೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಕಾಳಿಗೆ ಹದಿನೆಂಟರಷ್ಟು ನೀರೆರೆದು ಕಾಸಬೇಕೆಂದು ಯೂಷದ ಪ್ರಮಾಣವನ್ನು ಹೇಳುತ್ತಾನೆ. ಈ ಲೆಕ್ಕದಂತೆ ಐದು ಸೇರು ಕಾಳಿಗೆ ತೊಂಬತ್ತು ಸೇರು ನೀರು ಬೇಕಾಗುವುದು. ನಮ್ಮ ಮನೆಗಳಲ್ಲಿ ಅಷ್ಟು ನೀರನ್ನು ಎರೆಯುತ್ತಿರಲಿಲ್ಲವಾದರೂ, ಕಟ್ಟಿಗೆ ದೊಡ್ಡ ಪಾತ್ರೆಯೇ ಏಕೆ ಬೇಕಾಯಿತೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಕಾಳು ಕುದಿಯುವಾಗ ನೊರೆಯುಕ್ಕುವುದರಿಂದ ಮೇಲೆಯೂ ಅವಕಾಶವಿರಬೇಕಷ್ಟೆ.

ಇನ್ನು ‘ಸೂಪ’ ಶಬ್ದವನ್ನು ನೋಡೋಣ. ಸೂಪವೆಂದರೆ ಬೇಳೆಯ ತೊವ್ವೆ. ಅಮರಸಿಂಹನು ಅಡಿಗೆಯವನಿಗೆ ಸೂಪಕಾರನೆಂಬ ಹೆಸರನ್ನು ಕೊಟ್ಟಿದ್ದಾನೆ. ಪಾಕವಿದ್ಯೆಗೇ ಸೂಪಶಾಸ್ತ್ರವೆಂಬ ಹೆಸರು ಬಂದಿದೆ. ಅನ್ನವನ್ನು ಯಾರಾದರೂ ಬೇಯಿಸಿಯಾರು, ಬೇಳೆಯ ಹದವನ್ನು ಬಲ್ಲವನೇ ಅಡಿಗೆಯವನೆಂದು ಹಿರಿಯರು ಎಣಿಸಿರಬೇಕು. ಇಂಗ್ಲಿಷಿನ ‘ಸೂಪ್’ ಎಂಬುದಕ್ಕೂ ಇದಕ್ಕೂ ಧ್ವನಿಸಾಮ್ಯವಿರುವುದೇ ಹೊರತು ನಂಟನ್ನು ಕಲ್ಪಿಸಬಾರದು. ಅದು ರಸದಲ್ಲಿ ನೆನೆಸಿದ ರೊಟ್ಟಿಯನ್ನು ಸೂಚಿಸುತ್ತಿದ್ದ ಬೇರೊಂದು ಮಾತಿನಿಂದ ಫ್ರೆಂಚಿನ ಮೂಲಕ ಬಂದುದು.

ಪಾತ್ರೆಗೆ ಅಮರಕೋಶದಲ್ಲಿ ಪಿಠರ, ಸ್ಥಾಲೀ, ಉಖಾ, ಕುಂಡ ಎಂಬ ಪರ್ಯಾಯಗಳಿವೆ. ಮಹಾಭಾರತದ ವನಪರ್ವದಲ್ಲಿ, ತನ್ನನ್ನು ಹಿಂಬಾಲಿಸಿ ಬಂದವರಿಗೆ ಹೇಗೆ ಉಣ್ಣಲಿಕ್ಕಲೆಂದು ಕೊರಗಿದ ಧರ್ಮರಾಜನಿಗೆ ಸೂರ್ಯನು ಕೊಟ್ಟುದು ತಾಮ್ರದ ಪಿಠರವನ್ನೇ. ದ್ರೌಪದಿಯು ಉಣ್ಣುವವರೆಗೆ ಅದರ ಅನ್ನವು ತೀರದು. ಎಂದರೆ, ಬಡಿಸುವವಳು ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣಬೇಕು. ದೊಡ್ಡ ಪಾತ್ರೆಯ ಧರ್ಮವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ನಮ್ಮ ನಾಡಿನ ಬಡವರ ಮನೆಗಳಲ್ಲಿ ಕಟ್ಟು ಕುದಿದುದು ಮಣ್ಣಿನ ಗಡಿಗೆಗಳಲ್ಲಿ. ಕೆಲವು ಕಡೆ ಬಳಪದ ಕಲ್ಲಿನ ಮರಿಗೆಗಳಲ್ಲಿ. ಅನುಕೂಲಸ್ಥರ ಮನೆ, ಮಠ, ದೇವಸ್ಥಾನಗಳಲ್ಲಿ ತಾಮ್ರ ಹಿತ್ತಾಳೆಗಳ ಹಂಡೆ ಕೊಪ್ಪರಿಗೆಗಳಿದ್ದುವು. ತಾಮ್ರವು ಶಾಖವನ್ನು ಬೇಗನೆ ಸೆಳೆದು ಪಾತ್ರೆಯ ಮೈಗೆಲ್ಲ ಹರಡುವುದರಿಂದ ಕಾಳು ಒಂದೇ ಸಮನಾಗಿ ಬೇಯುತ್ತದೆ. ಆದರೆ ಹುಣಸೆಯ ಹುಳಿಯು ತಾಮ್ರಕ್ಕೆ ತಗಲಿದರೆ ಕಿಲುಬೇಳುವುದು. ಅದಕ್ಕಾಗಿ ಒಳಮೈಗೆ ಕಲಾಯಿ ಬೇಕು. ಕಲಾಯಿಯವನು ಬೀದಿಯಲ್ಲಿ ತಿದಿಯನ್ನು ಹೂಡಿ, ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ಒರಸುವಾಗ ಕೆಂಪು ಪಾತ್ರೆಯು ಕ್ಷಣಮಾತ್ರದಲ್ಲಿ ಬೆಳ್ಳಿಯಂತಾಗುವುದನ್ನು ನೋಡುವುದಕ್ಕೆ ನಾವು ಹುಡುಗರು ಸುತ್ತಲೂ ಕುಳಿತಿರುತ್ತಿದ್ದೆವು. ಪಾತ್ರೆಗಳನ್ನು ಬಡಿದು ಮಾಡುತ್ತಿದ್ದವರು ಕಂಚುಗಾರರು. ತಾಮ್ರದ ಅದಿರು ನಮ್ಮ ಸೀಮೆಗೆ ಹೊಸದಲ್ಲ. ಚಿತ್ರದುರ್ಗದ ಸಮೀಪದ ಇಂಗಳದಾಳಿನಲ್ಲಿ ಪುರಾತನರು ಅದಿರನ್ನು ಅಗೆದ ಕುಳಿಗಳು ಕಂಡುಬಂದಿವೆ.

ಗ್ರಂಥಗಳಿಗೆ ಬರೋಣ. ಕಲ್ಯಾಣದ ಚಾಲುಕ್ಯರ ಕಾಲದ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕದ ವಿಷಯವಿದೆ. ಅದೇ ವಂಶದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (ಸುಮಾರು ೧೧೨೯) ಅನ್ನಭೋಗವೆಂಬ ಪ್ರಕರಣವೇ ಇದೆ. ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ಕನ್ನಡ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದನು. ಕೆಳದಿಯ ಬಸವರಾಜನ ‘ಶಿವತತ್ತ್ವರತ್ನಾಕರ’ವೂ ಅರಮನೆಯ ಅಡಿಗೆಯನ್ನು ವರ್ಣಿಸುತ್ತದೆ. ಇವೆಲ್ಲವೂ ಉಣ್ಣುವವನ ನಾಲಗೆಯ ಸುಖವನ್ನು ಲಕ್ಷ್ಯದಲ್ಲಿಟ್ಟುಕೊಂಡು ಹೊರಟ ಗ್ರಂಥಗಳು. ಊರಿಗೆ ಊಟವಿಕ್ಕಿದ ಪಾತ್ರೆಯನ್ನು ಕಾಣಬೇಕಾದರೆ ಶಾಸನಗಳನ್ನು ನೋಡಬೇಕು.

ಶಿಕಾರಿಪುರದ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಕೋಡಿಯ ಮಠವಿದ್ದಿತು. ೧೧೬೨ನೆಯ ಇಸವಿಯ ಶಾಸನವು ಆ ಮಠವನ್ನು ವರ್ಣಿಸುವಾಗ, ಅಲ್ಲಿ ವೇದಶಾಸ್ತ್ರಗಳ ವ್ಯಾಖ್ಯಾನವು ನಡೆಯುತ್ತಿದ್ದಿತೆಂದು ಹೇಳುವುದರ ಜೊತೆಗೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವನ್ನೂ, ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದುದನ್ನು ಹೇಳುತ್ತದೆ. ವಿದ್ಯೆಯೂ ಅನ್ನವೂ ಒಂದೇ ಕಟ್ಟಡದಲ್ಲಿ! ಇದು ಬಿಜ್ಜಳನ ಕಾಲ. ಇದೇ ಕಾಲದಲ್ಲಿಯೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ದಾಸೋಹವೆಂಬ ಮಾತಿಗೆ ಹೊಸ ಅರ್ಥವನ್ನು ಕೊಟ್ಟರು. ಉಣ್ಣಲಿಕ್ಕುವವನು ದಾನಿಯಲ್ಲ, ದಾಸನು. ಬಂದವನು ಭಿಕ್ಷುಕನಲ್ಲ, ಜಂಗಮನು. ತುಮಕೂರಿನ ಸಮೀಪದ ಸಿದ್ಧಗಂಗೆಯ ಮಠದಲ್ಲಿ ಇಂದಿಗೂ ಸಾವಿರಾರು ವಿದ್ಯಾರ್ಥಿಗಳಿಗೆ ಜಾತಿಮತಗಳ ಎಣಿಕೆಯಿಲ್ಲದೆ ಅನ್ನವನ್ನು ಬೇಯಿಸುವ ಒಲೆಗಳನ್ನು ನೋಡಿದವರಿಗೆ ಆ ಮಾತಿನ ಬಲವು ತಿಳಿದೀತು.

ದೊಡ್ಡ ಪಾತ್ರೆಯ ನಿಜವಾದ ಪರೀಕ್ಷೆಯು ನಡೆಯುವುದು ಕ್ಷಾಮದಲ್ಲಿ. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ನಡುಗುತ್ತ ಹೇಳುತ್ತಿದ್ದುದು ೧೮೭೬ರಿಂದ ೧೮೭೮ರವರೆಗಿನ ಘೋರ ಕ್ಷಾಮ. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮಿಗಿಲಾಗಿದ್ದ ಮೈಸೂರು ಸೀಮೆಯ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿದ್ದಿತೆಂದರೆ ಅದರ ಭೀಕರತೆಯು ವ್ಯಕ್ತವಾಗುತ್ತದೆ. ಸರ್ಕಾರದವರು ಗಂಜಿಯ ಮನೆಗಳನ್ನು ತೆರೆದರು. ಹಸಿವಿನಿಂದ ಸಾಯುತ್ತಿದ್ದರೂ, ಬೇರೆಯವರು ಬೇಯಿಸಿದ ಅನ್ನವನ್ನು ಮುಟ್ಟಿದರೆ ಜಾತಿ ಕೆಟ್ಟೀತೆಂದು ಹಿಂದೆ ಸರಿದವರು ಉಂಟು.

ಪಶ್ಚಿಮ ದೇಶಗಳಲ್ಲಿಯೂ ಇಂಥ ಪಾತ್ರೆಗಳ ಚರಿತ್ರೆಯುಂಟು. ಬವೇರಿಯದ ಮ್ಯೂನಿಕ್ ನಗರದಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿಯು ೧೭೯೦ರ ತರುವಾಯ ಬಡವರಿಗಾಗಿ ಜವೆಗೋಧಿಯನ್ನೂ ಬಟಾಣಿಯನ್ನೂ ದೊಡ್ಡ ಕಡಾಯಗಳಲ್ಲಿ ಬಹು ಹೊತ್ತು ಕಾಸಿ ಸಾರನ್ನು ಮಾಡಿಸಿದನು. ಸೌದೆಯ ಉಳಿತಾಯವನ್ನು ಕುರಿತು ಅವನು ಮಾಡಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಆದರೆ ಬಹಳ ಹೊತ್ತು ಕಾಸಿದರೆ ನೀರು ತಾನೇ ಆಹಾರವಾಗುವುದೆಂದು ಅವನು ನಂಬಿದ್ದನು. ಅದು ತಪ್ಪೆಂದು ಆಮೇಲೆ ತಿಳಿಯಿತು. ಐರ್ಲೆಂಡಿನ ಕ್ಷಾಮದಲ್ಲಿ, ೧೮೪೭ರಲ್ಲಿ, ಅಲೆಕ್ಸಿಸ್ ಸಾಯರ್ ಎಂಬ ಪಾಕಪ್ರವೀಣನು ಡಬ್ಲಿನ್ನಿನಲ್ಲಿ ಒಂದು ಭಾರಿ ಕೊಪ್ಪರಿಗೆಯನ್ನು ಹೂಡಿ ಸಾವಿರಾರು ಜನರಿಗೆ ಸಾರನ್ನು ಹಂಚಿದನು. ಆ ಸಾರಿನಲ್ಲಿ ಹೊಟ್ಟೆಗೆ ಆಗುವಷ್ಟು ಸತ್ತ್ವವಿಲ್ಲವೆಂದು ಆ ಕಾಲದ ವೈದ್ಯರೇ ಆಕ್ಷೇಪಿಸಿದರು.

ಈ ಆಕ್ಷೇಪವನ್ನು ಓದಿದ ದಿವಸ ನನಗೆ ನಮ್ಮ ಕೊಪ್ಪರಿಗೆಯ ನೆನಪಾಯಿತು. ಅದುವರೆಗೆ ನಾನು ಅದನ್ನು ಉದಾರತೆಯ ಗುರುತೆಂದೇ ಭಾವಿಸಿದ್ದೆನು. ಹೋಳಿಗೆಯ ದಿವಸ ನಮ್ಮ ಮನೆಯ ಕಟ್ಟು ಊರಿಗೆಲ್ಲ ಹೋಗುತ್ತಿದ್ದಿತೆಂದು ನಮ್ಮ ಅಜ್ಜಿಯವರು ಹೆಮ್ಮೆಯಿಂದ ಹೇಳುತ್ತಿದ್ದುದುಂಟು. ಅದು ಸುಳ್ಳಲ್ಲ. ಆದರೆ ಹೋಗುತ್ತಿದ್ದುದು ಕಟ್ಟು, ಬೇಳೆಯಲ್ಲ. ಬೇಳೆಯೆಲ್ಲವೂ ಬೆಲ್ಲದೊಂದಿಗೆ ಹೂರಣವಾಗಿ ಒಳಗೆ ಉಳಿಯುತ್ತಿದ್ದಿತು. ಕಾಳಿನ ರುಚಿಯೂ ಪರಿಮಳವೂ ನೀರಿಗೆ ಇಳಿಯುವುವೇ ಹೊರತು ಅದರ ಸತ್ತ್ವದ ಬಹುಭಾಗವು ಕಾಳಿನಲ್ಲಿಯೇ ನಿಲ್ಲುವುದು. ಹುರಳಿಯ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಎತ್ತುಗಳಿಗೆಂದು ಹುರಳಿಯನ್ನು ಬೇಯಿಸಿದಾಗ ಕಾಳು ಎತ್ತಿಗೆ, ಕಟ್ಟು ಆಳಿಗೆ. ಉಳುವ ಎತ್ತಿಗೆ ಕಾಳು ಬೇಕೆಂದು ತಿಳಿದಿದ್ದ ನಾವು, ಅದನ್ನು ಹೂಡಿ ಉಳುವವನಿಗೆ ನೀರು ಸಾಕೆಂದು ಹೇಗೆ ತಿಳಿದೆವು?

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಲೇಬೇಕಾಗಿದೆ. ನನಗಾಗ ಹತ್ತು ವರ್ಷವಿರಬಹುದು. ಯುಗಾದಿಯ ಮರುದಿವಸ, ಹಿತ್ತಿಲಿನಲ್ಲಿ ಮೂರು ಕಲ್ಲುಗಳ ಒಲೆಯ ಮೇಲೆ ಕೊಪ್ಪರಿಗೆಯು ಬೆಳಗಿನ ಜಾವದಿಂದಲೇ ಕುದಿಯುತ್ತಿದ್ದಿತು. ನಮ್ಮ ಹೊಲದಲ್ಲಿ ದುಡಿಯುತ್ತಿದ್ದವರು ಗಡಿಗೆಗಳನ್ನು ಹಿಡಿದು ಹಿತ್ತಿಲ ಬಾಗಿಲಾಚೆ ನಿಂತಿದ್ದರು. ಸೌಟಿನಿಂದ ಕಟ್ಟನ್ನು ಹೊಯ್ಯುವ ಕೆಲಸವನ್ನು ಆ ದಿವಸ ನನಗೆ ಒಪ್ಪಿಸಿದ್ದರು. ಸೌಟು ಅವರ ಗಡಿಗೆಗೆ ತಾಕಕೂಡದು. ಮೊಳದೆತ್ತರದಿಂದ ಹೊಯ್ಯಬೇಕೆಂದು ಕಟ್ಟಪ್ಪಣೆ. ನನ್ನ ತರಗತಿಯಲ್ಲಿ ಓದುತ್ತಿದ್ದ ಹುಡುಗನೊಬ್ಬನು ತನ್ನ ತಾಯಿಯ ಬದಲು ಬಂದು ಗಡಿಗೆಯನ್ನು ಒಡ್ಡಿದನು. ಎತ್ತರದಿಂದ ಬಿದ್ದ ಕಟ್ಟು ಗುರಿ ತಪ್ಪಿ ಅವನ ಬಲಗೈಯ ಮೇಲೆ ಚೆಲ್ಲಿತು. ಅವನು ಗಡಿಗೆಯನ್ನು ಬಿಡಲಿಲ್ಲ, ಬಿಟ್ಟರೆ ಒಡೆಯುವುದಲ್ಲವೇ! ಅಳಲೂ ಇಲ್ಲ. ರಜೆ ಕಳೆದು ಶಾಲೆಗೆ ಹೋದಾಗ ಅವನು ಬಳಪವನ್ನು ಹಿಡಿಯಲಾರದೆ ಕುಳಿತಿದ್ದನು. ಏಕೆ ಬರೆಯಲಿಲ್ಲವೆಂದು ಉಪಾಧ್ಯಾಯರು ಕೇಳಿದರು. ಅವನು ನನ್ನ ಕಡೆ ನೋಡಲಿಲ್ಲ. ಒಲೆಯ ಹತ್ತಿರ ಸುಟ್ಟಿತೆಂದು ಮಾತ್ರ ಹೇಳಿದನು. ನಾನು ಬಾಯಿ ಬಿಡಲಿಲ್ಲ. ಆ ವರ್ಷವೇ ಅವನು ಶಾಲೆಯನ್ನು ಬಿಟ್ಟನು. ಬಿಡುವುದಕ್ಕೆ ಬೇರೆ ಕಾರಣಗಳಿದ್ದಿರಬಹುದು. ಆದರೆ ಆ ಕೈಯನ್ನು ಸುಟ್ಟವನು ನಾನು.

ತರುವಾಯ ನಾನು ಸಂಸ್ಕೃತ ಪಾಠಶಾಲೆಗೆ ಸೇರಿ, ಅಮರವನ್ನೂ ಕಾವ್ಯಗಳನ್ನೂ ಓದಿ, ಉಪಾಧ್ಯಾಯನಾದೆನು. ಈ ನಡುವೆ ಕಟ್ಟು ಮನೆಗಳಿಂದ ತಾನಾಗಿಯೇ ಮರೆಯಾಗತೊಡಗಿತ್ತು. ಅದಕ್ಕೆ ಕಾರಣವು ಕುಕ್ಕರು. ಡೆನಿ ಪಪ್ಯಾಂ ಎಂಬ ಫ್ರೆಂಚನು ೧೬೭೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರ ಮುಂದೆ ಆವಿಯನ್ನು ಬಂಧಿಸಿದ ಪಾತ್ರೆಯಲ್ಲಿ ಎಲುಬುಗಳನ್ನು ಮೆತ್ತಗಾಗುವಂತೆ ಬೇಯಿಸಿ ತೋರಿಸಿದನು. ಎಲುಬಿನ ಸಾರನ್ನು ತೆಗೆಯುವುದಕ್ಕೆಂದು ಹುಟ್ಟಿದ ಈ ಉಪಾಯವೇ ಮುಂದೆ ನಮ್ಮ ಮನೆಗಳ ಕುಕ್ಕರಾಗಿ, ಸ್ವಲ್ಪ ನೀರಿನಲ್ಲಿಯೇ ಬೇಳೆಯನ್ನು ಕರಗಿಸಿ, ಬಸಿಯುವುದಕ್ಕೆ ಕಟ್ಟೇ ಇಲ್ಲದಂತೆ ಮಾಡಿತು. ಕೊಪ್ಪರಿಗೆಯು ಬೋರಲಾದುದು ಹೀಗೆ. ಹಿತ್ತಿಲ ಬಾಗಿಲಾಚೆಯ ಜನರೂ ಬರುವುದನ್ನು ಬಿಟ್ಟರು. ಅವರ ಮನೆಗಳಲ್ಲಿಯೂ ಬೇಳೆ ಬೇಯತೊಡಗಿತ್ತು. ಅದಕ್ಕಾಗಿ ಸಂತೋಷಪಡತಕ್ಕದ್ದೇ ಸರಿ.

೨೦೦೧ನೆಯ ನವೆಂಬರಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ವು ೨೦೦೨ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಆರಂಭವಾಗಿ, ೨೦೦೩ರಲ್ಲಿ ಉಳಿದ ಜಿಲ್ಲೆಗಳಿಗೂ ಹರಡಿತು. ನಾನು ಆಗ ಪಾಠ ಹೇಳುತ್ತಿದ್ದ ಶಾಲೆಗೂ ದೊಡ್ಡ ಪಾತ್ರೆಗಳು ಬಂದುವು. ಮಕ್ಕಳಿಗೆ ಬಡಿಸುವುದಕ್ಕೆ ಮೊದಲು ಉಪಾಧ್ಯಾಯರಲ್ಲೊಬ್ಬರು ರುಚಿ ನೋಡಬೇಕೆಂಬ ನಿಯಮವಿದೆ. ಮೊದಲ ದಿವಸ ಆ ಸರದಿ ನನ್ನದಾಯಿತು. ಪರಾನ್ನವನ್ನು ಮುಟ್ಟದ ವ್ರತವನ್ನು ಅದುವರೆಗೆ ನಡೆಸಿಕೊಂಡು ಬಂದವನು ನಾನು. ಅಡಿಗೆಯ ತಾಯಿಯು ಬೇಳೆಯ ಸಾರಿನ ಸೌಟನ್ನು ಎತ್ತಿ ಹಿಡಿದು ನಿಂತಿದ್ದಳು. ಅವಳು ಯಾರ ಮನೆಯವಳೆಂಬುದು ನನಗೆ ಗೊತ್ತಿದ್ದಿತು. ನಾನು ಏಕೆ ತಡೆಯುತ್ತಿರುವೆನೆಂಬುದು ಅವಳಿಗೂ ಗೊತ್ತಿದ್ದಿತು. ಮಕ್ಕಳು ಸಾಲಾಗಿ ಕುಳಿತು ನೋಡುತ್ತಿದ್ದರು. ಆ ಸೌಟಿನ ಎದುರಿಗೆ ನನಗೆ ಹಳೆಯ ಸೌಟು ನೆನಪಾಯಿತು. ನಾನು ಅಂಗೈಯನ್ನು ಒಡ್ಡಿದೆನು. ಅವಳು ಎತ್ತರದಿಂದ ಹೊಯ್ಯಲಿಲ್ಲ. ಬಿಸಿಯಿದೆ ಮೇಷ್ಟ್ರೇ ಎಂದು ಎಚ್ಚರಿಸಿ, ಹತ್ತಿರಕ್ಕೆ ತಂದು, ಮೆಲ್ಲನೆ ಬಿಟ್ಟಳು.

ಉಪ್ಪು ಸರಿಯಾಗಿದ್ದಿತು, ಬೇಳೆಯೂ ಬೆಂದಿದ್ದಿತು. ಮುಖ್ಯವಾಗಿ, ಸಾರಿನಲ್ಲಿ ಬೇಳೆಯಿದ್ದಿತು. ಪಂಕ್ತಿಯಲ್ಲಿ ಕುಳಿತ ಯಾವ ಮಗುವಿಗೂ ಬರಿಯ ಕಟ್ಟು ಬೀಳಲಿಲ್ಲ. ಯಾವ ತಟ್ಟೆಗೂ ಸೌಟು ತಾಕದೆ ಹೋಗಲಿಲ್ಲ. ಕೆಲವರು ಕೆಲವು ದಿವಸ ಮನೆಯಿಂದ ಬುತ್ತಿಯನ್ನು ಕಳುಹಿಸಿದರು. ಮಕ್ಕಳು ಒಟ್ಟಿಗೆ ಉಣ್ಣುವ ಆಸೆಗೆ ಬುತ್ತಿಯನ್ನು ಮುಚ್ಚಿಟ್ಟು ಸಾಲಿಗೆ ಬಂದು ಕುಳಿತರು. ಹಾಗೆಂದು ಎಲ್ಲವೂ ತಿಳಿಯಾಯಿತೆಂದು ಹೇಳಲಾರೆನು. ಅಡಿಗೆ ಮಾಡುವವಳ ಜಾತಿಯನ್ನು ಕೇಳಿ ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಸುದ್ದಿಗಳು ನಮ್ಮ ದೇಶದ ಪತ್ರಿಕೆಗಳಲ್ಲಿ ಇತ್ತೀಚಿನವರೆಗೂ ಬಂದಿವೆ.

ಇಷ್ಟು ವಿಚಾರಿಸಿದ ಮೇಲೆ ಪಾತ್ರೆಯ ಚರಿತ್ರೆಯಲ್ಲಿ ನಾವು ಕೇಳಬೇಕಾದುದು ಅದು ಎಷ್ಟು ದೊಡ್ಡದು, ಎಷ್ಟು ಹಳೆಯದು ಎಂಬುದನ್ನಷ್ಟೇ ಅಲ್ಲವೆಂದು ನನಗೆ ನಿಶ್ಚಯವಾಗಿದೆ. ಅದರಲ್ಲಿ ಬೆಂದ ಕಾಳು ಯಾರ ಪಾಲಿಗೆ, ಕಟ್ಟು ಯಾರ ಪಾಲಿಗೆ ಎಂಬುದನ್ನು ಕೇಳಬೇಕು. ಕೋಡಿಯ ಮಠವನ್ನೂ, ಕಲ್ಯಾಣವನ್ನೂ, ಬರಗಾಲದ ಗಂಜಿಯ ಮನೆಯನ್ನೂ, ನಮ್ಮ ನಮ್ಮ ಹಿತ್ತಿಲನ್ನೂ ಈ ಒಂದು ಪ್ರಶ್ನೆಯಿಂದ ಅಳೆಯಬಹುದು.

ಕೊಪ್ಪರಿಗೆಯನ್ನು ನಾನು ವ್ಯಾಪಾರಿಗೆ ಕೊಡಲಿಲ್ಲ. ಕಲಾಯಿಯವರು ಈಗ ಬೀದಿಗೆ ಬರುವುದಿಲ್ಲವಾದುದರಿಂದ ಅದನ್ನು ದಾವಣಗೆರೆಗೆ ಸಾಗಿಸಿ, ಕಲಾಯಿ ಹಾಕಿಸಿ ತಂದು, ಊರಿನವರ ಸಾಮಾನ್ಯ ಉಪಯೋಗಕ್ಕೆ ಒಪ್ಪಿಸಿದೆನು. ಕಂಠದ ಮೇಲೆ ಹಿರಿಯರ ಹೆಸರನ್ನು ಕೊರೆಸಬೇಕೆಂದು ಮಿತ್ರರು ಹೇಳಿದರು, ಬೇಡವೆಂದೆನು. ಯಾರ ಮನೆಯ ಶುಭಾಶುಭಗಳಿಗಾದರೂ ಕೇಳಿದವರಿಗೆ ಅದು ದೊರೆಯಬೇಕೆಂಬುದೊಂದೇ ನಿಬಂಧನೆ. ನನ್ನ ಬಾಲ್ಯದ ಆ ಗೆಳೆಯನು ಈಗಿಲ್ಲ. ಈಚೆಗೆ ಅವನ ಮೊಮ್ಮಗಳ ಮದುವೆಯಲ್ಲಿ ಅದೇ ಕೊಪ್ಪರಿಗೆಯಲ್ಲಿ ಸಾರು ಕುದಿಯಿತು. ನನ್ನನ್ನೂ ಕರೆದಿದ್ದರು, ಹೋಗಿ ಉಂಡು ಬಂದೆನು.

ವಾಚಕರಲ್ಲಿ ಒಂದು ವಿಜ್ಞಾಪನೆ. ತಮ್ಮ ಮನೆಗಳಲ್ಲಿ, ಮಠ ದೇವಸ್ಥಾನಗಳಲ್ಲಿ ಇಂಥ ಪಾತ್ರೆಗಳಿದ್ದರೆ, ತೂಕಕ್ಕೆ ಹಾಕುವುದಕ್ಕೆ ಮೊದಲು ಅವುಗಳ ಅಳತೆಯನ್ನೂ ಕಂಠದ ಮೇಲಿನ ಬರಹವನ್ನೂ ಗುರುತು ಹಾಕಿಕೊಂಡು ಸಂಘಕ್ಕೆ ತಿಳಿಸಬೇಕು. ಅದರೊಡನೆ, ಆ ಪಾತ್ರೆಯಿಂದ ಯಾರು ಯಾರಿಗೆ, ಏನನ್ನು, ಎಲ್ಲಿ ನಿಲ್ಲಿಸಿ ಬಡಿಸುತ್ತಿದ್ದರೆಂಬುದನ್ನು ಮನೆಯ ಹಿರಿಯ ಹೆಂಗಸರಿಂದಲೂ, ಹಿತ್ತಿಲ ಬಾಗಿಲಾಚೆ ನಿಂತಿದ್ದವರಿಂದಲೂ ಕೇಳಿ ಬರೆದಿಡಬೇಕು. ಎರಡು ಕಡೆಯ ಮಾತೂ ಸೇರಿದರೆ ಮಾತ್ರ ಅದು ಚರಿತ್ರೆಯಾದೀತು.